ಅಣ್ಣನ ಸೋಮವಾರದ ಪಾಟಿ

ಸೋಮವಾರ ಬಂತೆಂದರೆ ನಮ್ಮಣ್ಣ ಕೊರಳಿಗೆ ಪಾಟಿ ನೇತುಹಾಕಿಕೊಂಡು ಹೊರಡುತ್ತಿದ್ದ. ಶಾಲೆಯ ಮಕ್ಕಳು ಬರೆಯುವ ಪಾಟಿಯೇ. ಕನ್ನಡ ನಾಡು ಒಂದಾಗುವ ತನಕ ವಾರಕ್ಕೊಂದು ದಿನ ಮೌನ ಎಂದು ವ್ರತ ಹಿಡಿದಿದ್ದ ಲಕ್ಷ್ಮೇಶ್ವರದ ಮಾಸ್ತರ ಅವನು. ಏನಾದರೂ ಹೇಳಬೇಕಾದರೆ ಪಾಟಿಯ ಮೇಲೆ ಬರೆಯುತ್ತಿದ್ದ. ಬೈಗುಳವಿಲ್ಲದ ದಿನವೆಂದು ಮಕ್ಕಳಿಗೆ ಸೋಮವಾರ ಹಬ್ಬ.

ಉಳಿದ ಆರು ದಿನ ಅವನ ಬಾಯಿಗೆ ಬಿಡುವಿರಲಿಲ್ಲ. ಗದಗಿನ ಬಸ್ಸು ಹತ್ತಿದನೆಂದರೆ ಪಕ್ಕದವನ ಕಥೆ ಮುಗಿಯಿತು. "ರಾಜರು ಹೋದ್ರು, ಗಡಿ ಹೋಗಲಿಲ್ಲ ನೋಡ್ರಿ" ಎಂದು ಶುರು ಮಾಡಿದರೆ ಇಳಿಯುವ ತನಕ ಅದೇ. ಒಂದು ಸೋಮವಾರ ಬಾಳೆಹೊಸೂರಿನ ಮುದುಕಿಯ ಹತ್ತಿರ ಬದನೆಕಾಯಿ ಕೊಳ್ಳುವಾಗ ಪಾಟಿ ತೋರಿಸಿದ. "ಮಾಸ್ತರ, ನನಗ ಓದಾಕ ಬರಂಗಿಲ್ಲ, ಬಾಯಿ ಬಿಡ್ರಿ" ಎಂದಳು. ಇವನು ಬದನೆಕಾಯಿಯ ಚಿತ್ರ ಬರೆದು, ಅದಕ್ಕೊಂದು ತೂತು ಮಾಡಿ, ತೂತಿನಲ್ಲಿ ಹುಳ ಬರೆದ. ಮುದುಕಿ ಬಿದ್ದು ಬಿದ್ದು ನಕ್ಕು ಎರಡು ಕಾಯಿ ಹೆಚ್ಚಿಗೆ ಹಾಕಿದಳು.

ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಗೇ ಬಂದಿದ್ದೆ. ಅವನು ಮದುವೆಯಾಗಿರಲಿಲ್ಲ. ಅವನ ಕೀಲುಗಳು ಬಾತು ನಡೆಯಲಾಗದೆ ಇದ್ದಾಗ ಹುಬ್ಬಳ್ಳಿಯ ಡಾಕ್ಟರರು ಹೊಸದಾಗಿ ಬಂದ ಗುಳಿಗೆ ಕೊಟ್ಟರು. "ಇದು ನೋವು ಇಳಸ್ತೈತಿ. ಆದರ ಮೈಯಾಗಿನ ಕಾವಲುಗಾರನ್ನೂ ಮಲಗಸ್ತೈತಿ. ಹುಷಾರಾಗಿರ್ರಿ" ಎಂದು ನನಗೂ ಹೇಳಿದ್ದರು. ಅಣ್ಣ ಗುಳಿಗೆಯನ್ನೂ ಬಿಡಲಿಲ್ಲ, ನಾಡಿಗಾಗಿ ಮಾಡುತ್ತಿದ್ದ ಉಪವಾಸಗಳನ್ನೂ ಬಿಡಲಿಲ್ಲ. ಅವನ ತುಟಿಯ ಅಂಚಿಗೆ ಆಗಾಗ ನೀರ್ಗುಳ್ಳೆ ಏಳುತ್ತಿದ್ದವು. ಯಾರಾದರೂ ಕೇಳಿದರೆ, ಮಾತು ಜಾಸ್ತಿ ಆಗಿ ಬಾಯಿ ಸುಟ್ಟೈತಿ ಎಂದು ನಗುತ್ತಿದ್ದ.

ನಾಡು ಒಂದಾಗಲು ಇನ್ನೇನು ಒಂದು ತಿಂಗಳಿತ್ತು. ಆ ಭಾನುವಾರ ಸಂಜೆ, ಶೇಂಗಾ ಸೀದ ವಾಸನೆ ಬರುತ್ತಿದೆ ಎಂದ. ಒಲೆ ಹಚ್ಚಿರಲೇ ಇಲ್ಲ. ನನ್ನನ್ನು ಅವ್ವನ ಹೆಸರು ಹಿಡಿದು ಕರೆದ. ವಯಸ್ಸಾತು ನಿನಗ ಎಂದು ಛೇಡಿಸಿದೆ. ಮರುದಿನ ಸೋಮವಾರ, ಮೌನ. ಮಂಗಳವಾರವೂ ಬಾಯಿ ಬಿಡಲಿಲ್ಲ. ಮಾಸ್ತರರು ನಾಡು ಒಂದಾಗುವ ತನಕ ಅಖಂಡ ಮೌನ ಹಿಡಿದಿದ್ದಾರೆಂದು ಓಣಿಯಲ್ಲಿ ಸುದ್ದಿಯಾಯಿತು. ಮಂದಿ ಬಂದು ಕಾಲಿಗೆ ಬಿದ್ದು ಹೋದರು. ನನಗೂ ಒಳಗೊಳಗೇ ಹೆಮ್ಮೆ. ಹಣೆ ಮುಟ್ಟಿ ನೋಡಿದೆ, ಅಂಥ ಜ್ವರವೇನೂ ಇರಲಿಲ್ಲ.

ಅಂದೇ ಮಧ್ಯಾಹ್ನ ಅವನು ನನ್ನ ಮುಂಗೈ ಗಟ್ಟಿಯಾಗಿ ಹಿಡಿದ. ತುಟಿ ಅಲುಗಿದವು, ಏನೋ ದನಿ ಹೊರಟಿತು. ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ.

"ಅಣ್ಣಾ, ಇಷ್ಟು ವರ್ಷ ನಡಸೀದಿ. ಇನ್ನೊಂದು ತಿಂಗಳಕ್ಕ ಮುರೀಬ್ಯಾಡ" ಎಂದು ಪಾಟಿ ಕೊಟ್ಟೆ. ಬಳಪವನ್ನು ಬೆರಳಲ್ಲಿ ಹಿಡಿದು, ಅದೇನೆಂದು ಗೊತ್ತಿಲ್ಲದವರ ಹಾಗೆ ನೋಡುತ್ತ ಕೂತ. ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಫಿಟ್ಸು ಬಂದವು. ಗದಗಿಗೆ ಒಯ್ದೆವು. ಮೆದುಳಿಗೆ ಬಾವು ಬಂದಿದೆ ಎಂದರು ಅಲ್ಲಿಯ ಡಾಕ್ಟರರು. ಮೂರು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರು. ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಅಣ್ಣ ಹೋದ. ನವೆಂಬರ್ ಒಂದಕ್ಕೆ ಊರವರು ಅವನ ಪಾಟಿಗೆ ಹಾರ ಹಾಕಿ ಮೆರವಣಿಗೆ ಮಾಡಿದರು. ನಾನು ಬಾಗಿಲಿಗೂ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅಣ್ಣನ ಕೈಯಲ್ಲಿ ಕಲಿತು ಡಾಕ್ಟರಾದವನೊಬ್ಬ ಮನೆಗೆ ಬಂದಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ತುಟಿಗೆ ಗುಳ್ಳೆ ತರುವ ರೋಗಾಣುವೇ ಮೆದುಳಿಗೆ ಏರಿದ್ದಿರಬೇಕು ಎಂದ. ಅಂಥ ಗುಳಿಗೆಯಿಂದ ಮೈಯ ಶಕ್ತಿ ಕುಂದಿದವರಲ್ಲಿ ಜ್ವರ ಕೂಡ ಸರಿಯಾಗಿ ಕಾಣಿಸುವುದಿಲ್ಲವಂತೆ. "ಅಕ್ಕಾರ, ಆಗ ಇದಕ್ಕ ಔಷಧನ ಇರಲಿಲ್ಲ. ನೀವು ಮೊದಲ ದಿನ ಒಯ್ದಿದ್ರೂ ಉಳೀತಿದ್ದಿಲ್ಲ. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದ.

ಔಷಧ ಇರಲಿಲ್ಲ, ಖರೆ. ಆದರೆ ಊರೆಲ್ಲ ಕೇಳುವಂತೆ ಮಾತಾಡಿದ ನನ್ನಣ್ಣ ಕಡೆಗೆ ನನಗೊಬ್ಬಳಿಗೇ ಏನೋ ಹೇಳಲು ಬಂದಿದ್ದ. ನಾನು ಬಾಯಿ ಮುಚ್ಚಿಸಿದೆ.