ಬಟ್ಟೆ ಹೊದ್ದ ಡ್ರಮ್ಮು

ತಂಡದವರೆಲ್ಲ ಅವನನ್ನು ಗಡಿಯಾರ ಅಂತ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಮದುವೆಗಳಲ್ಲಿ, ಕಾರ್ಖಾನೆಗಳ ವಾರ್ಷಿಕೋತ್ಸವಗಳಲ್ಲಿ ಡ್ರಮ್ಮು ಬಾರಿಸಿದವನು. ಗಾಯಕ ಸಾಲು ಮರೆತರೂ, ಗಿಟಾರಿನ ತಂತಿ ಹರಿದರೂ ಇವನ ಕೈ ತಪ್ಪಿದ್ದಿಲ್ಲ. ನಿಜ ಹೇಳಬೇಕೆಂದರೆ ಬದುಕಿನಲ್ಲಿ ಅವನು ನೆಟ್ಟಗೆ ಮಾಡಿದ್ದು ಅದೊಂದನ್ನೇ. ಗೋದಾಮಿನ ಕೆಲಸಕ್ಕೆ ದಿನಾ ತಡ, ಮಗಳ ಶಾಲೆಗೆ ಹೋದದ್ದು ಎರಡೇ ಸಲ.

ಆ ವರ್ಷ ಗಾಯಕನಿಗೆ ಬೇರೆಯವರ ಹಾಡು ಹಾಡಿ ಹಾಡಿ ಬೇಸರ ಬಂತು. ತಂಡಕ್ಕೆ ಒಂದು ವರ್ಷ ಬಿಡುವು ಕೊಡೋಣ, ಅವರವರು ಅವರವರ ಸಂಗೀತ ಮಾಡಿಕೊಳ್ಳಲಿ, ಆಮೇಲೆ ಮತ್ತೆ ಸೇರೋಣ ಅಂದ. ಎಲ್ಲರೂ ತಲೆಯಾಡಿಸಿದರು. ಬಾಯಿಸತ್ತ ಗಡಿಯಾರನೂ ಆಡಿಸಿದ. ಗಾಯಕ ಸ್ವಂತ ಹಾಡು ಬರೆಯತೊಡಗಿದ. ಗಿಟಾರಿನವನು ಹೋಟೆಲೊಂದರಲ್ಲಿ ಒಬ್ಬನೇ ಕೂತು ನುಡಿಸಿದ. ಕೀಬೋರ್ಡಿನವನು ಮನೆಯ ಹಿಂದಿನ ಕೋಣೆಗೆ ದಪ್ಪ ಪರದೆ ಕಟ್ಟಿ ಸ್ಟುಡಿಯೋ ಮಾಡಿಕೊಂಡ. ಒಬ್ಬನೇ ಡ್ರಮ್ಮು ಬಾರಿಸಿದರೆ ಕೇಳುವವರು ಯಾರು? ಪಕ್ಕದ ಮನೆಯವರು ಕೇಳುತ್ತಾರೆ, ಕೇಳಿ ಬಾಗಿಲು ಬಡಿಯುತ್ತಾರೆ. ಗಡಿಯಾರ ದಿಂಬಿನ ಮೇಲೆ ಕೋಲಾಡಿಸುತ್ತ ದಿನ ಎಣಿಸಿದ. ವರ್ಷ ಕಳೆದ ಮೇಲೆ ಡ್ರಮ್ಮಿನ ಹಿಂದಿನ ಆ ಸ್ಟೂಲು ತನಗೆ ಉಳಿದಿರುತ್ತದೋ ಇಲ್ಲವೋ ಎಂಬುದೊಂದೇ ಅವನ ಹೆದರಿಕೆ. ಅದು ಹೋದರೆ ಅವನು ಗೋದಾಮಿನಲ್ಲಿ ಬರೀ ಪೆಟ್ಟಿಗೆ ಹೊರುವವನು.

ಹಾಗಾಗಿ ಏಳನೇ ತಿಂಗಳು ಕೀಬೋರ್ಡಿನವನು ಕರೆದಾಗ ಕುಣಿದುಕೊಂಡು ಹೋದ. ಕೆಲಸ ವಿಚಿತ್ರದ್ದು. ಹಾಡಿಲ್ಲ ಏನಿಲ್ಲ, ಒಂದೊಂದು ಡ್ರಮ್ಮಿನ ಮೇಲೆ ಒಂದೊಂದೇ ಪೆಟ್ಟು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಬೇಕಾದಂತೆ ಜೋಡಿಸಿ ತನ್ನ ಹಾಡುಗಳಿಗೆ ಬಳಸುತ್ತೇನೆಂದು ಕೀಬೋರ್ಡಿನವನು ಬಿಡಿಸಿಯೇ ಹೇಳಿದ. ಎರಡು ಭಾನುವಾರ ಗಡಿಯಾರ ಬೆವರು ಸುರಿಸಿದ. ಚೂರು ಮಂಕಾದ ಪೆಟ್ಟನ್ನು ತಾನೇ ಹೇಳಿ ಅಳಿಸಿಹಾಕಿಸಿ ಮತ್ತೆ ಬಾರಿಸಿದ.

“ಅಣ್ಣಾ, ಹಾಡು ಏರೋವಾಗ ನಿಮ್ಮ ಎಡಗೈ ಒಂದು ಕೂದಲೆಳೆ ತಡವಾಗಿ ಬೀಳತ್ತಲ್ಲ, ಅದೂ ಬೇಕಿತ್ತು,” ಅಂದ ಕೀಬೋರ್ಡಿನವನು.

ಹೊಗಳಿಕೆಗೆ ಉಬ್ಬಿಹೋದ ಪುಣ್ಯಾತ್ಮ ಅದನ್ನೂ ಬಾರಿಸಿ ಕೊಟ್ಟ. ತನ್ನ ಗುಂಡಿ ತಾನೇ ತೋಡಿಕೊಳ್ಳುವವರು ಬಹಳ ಜನ. ಆದರೆ ಅಂಚು ಒರಟಾಯಿತೆಂದು ಮತ್ತೆ ಮತ್ತೆ ತಿದ್ದಿದವನು ಇವನೊಬ್ಬನೇ ಇರಬೇಕು.

ವರ್ಷ ತುಂಬಿತು. ಯಾರ ಸ್ವಂತ ಸಂಗೀತವೂ ನಾಲ್ಕು ಜನರನ್ನು ಮುಟ್ಟಿರಲಿಲ್ಲ. ತಂಡ ಮತ್ತೆ ಸೇರಿತು. ಮೊದಲ ತಾಲೀಮಿಗೆ ಹೊರಟ ಗಡಿಯಾರನಿಗೆ ಮೆಟ್ಟಿಲು ಹತ್ತುವಾಗಲೇ ಡ್ರಮ್ಮು ಕೇಳಿಸಿತು. ಸ್ಟೂಲು ಬೇರೆಯವನ ಪಾಲಾಯಿತೆಂದು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಒಳಗೆ ನೋಡಿದರೆ ಸ್ಟೂಲು ಖಾಲಿ. ಕೀಬೋರ್ಡಿನ ಪಕ್ಕದ ಸ್ಪೀಕರ್ ಪೆಟ್ಟಿಗೆಯಿಂದ ಅವನದೇ ಕೈ ಬಾರಿಸುತ್ತಿತ್ತು, ಎಡಗೈ ಅದೇ ಕೂದಲೆಳೆ ತಡ.

ಗಾಯಕ ಮುಖ ನೋಡದೆ ಮಾತಾಡಿದ. ಸಣ್ಣ ಸಣ್ಣ ಹಾಲುಗಳಲ್ಲಿ ಡ್ರಮ್ಮಿನ ಸದ್ದು ಜಾಸ್ತಿ ಅಂತ ದೂರು ಬರುತ್ತದೆ, ಪೆಟ್ಟಿಗೆಯಾದರೆ ಬೇಕಾದಷ್ಟಕ್ಕೆ ತಗ್ಗಿಸಬಹುದು. ಆದರೆ ವೇದಿಕೆಯ ಮೇಲೆ ಡ್ರಮ್ಮಿನವನು ಕಾಣದಿದ್ದರೆ ಜನಕ್ಕೆ ಸಪ್ಪೆ.

“ನೀವು ಕೂತ್ಕೊಳ್ಳಿ ಅಣ್ಣಾ. ಡ್ರಮ್ಮಿಗೆ ಬಟ್ಟೆ ಹೊದಿಸಿರ್ತೀವಿ. ಬಾರಿಸಿದ ಹಾಗೆ ಮಾಡಿದ್ರೆ ಸಾಕು.”

ಮಾನವಂತನಾಗಿದ್ದರೆ ಕೋಲು ಬಿಸಾಡಿ ಮೆಟ್ಟಿಲಿಳಿಯುತ್ತಿದ್ದ. ಇವನು, ಬಟ್ಟೆ ಜನಕ್ಕೆ ಕಾಣೋದಿಲ್ಲ ತಾನೇ ಅಂತ ಕೇಳಿದ.

ಮೊದಲ ಕಾರ್ಯಕ್ರಮ ಕಾರ್ಖಾನೆಯೊಂದರಲ್ಲಿ, ಮಧ್ಯಾಹ್ನ. ಹೆಂಡತಿ ಮಗಳು ಎದುರು ಸಾಲಿನಲ್ಲೇ ಕೂತಿದ್ದರು. ಎರಡು ಹಾಡಿಗೆ ಅವನು ಬಟ್ಟೆಯನ್ನೇ ಪ್ರಾಮಾಣಿಕವಾಗಿ ಬಡಿದ. ಮೂರನೆಯದರಲ್ಲಿ ಏನನ್ನಿಸಿತೋ, ಕೋಲುಗಳನ್ನು ಬಟ್ಟೆಗೆ ತಾಗಿಸದೆ ಗಾಳಿಯಲ್ಲೇ ಹಿಡಿದು ಕೂತುಬಿಟ್ಟ. ಹಾಡು ಏರಿತು, ಇಳಿಯಿತು, ಮುಗಿಯಿತು. ಯಾರೂ ತಿರುಗಿ ನೋಡಲಿಲ್ಲ. ಚಪ್ಪಾಳೆ ಬಿತ್ತು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹೆಂಡತಿಗಾದರೂ ಗೊತ್ತಾಗಿರುತ್ತದೆ, ಹತ್ತೊಂಬತ್ತು ವರ್ಷ ಕೇಳಿದವಳು ಎಂದುಕೊಂಡ. ಅವಳು ಬೈದರೆ ಈ ವೇಷ ಇವತ್ತೇ ಕಳಚಿಡುವುದೆಂದು ಅಲ್ಲೇ ನಿಶ್ಚಯಿಸಿದ.

ಬಸ್ಸಿನಲ್ಲಿ ಅವಳು ಅವನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

“ಒಂದು ವರ್ಷ ಬಿಟ್ಟಿದ್ರೂ ಒಂದು ಪೆಟ್ಟೂ ತಪ್ಪಲಿಲ್ಲ ನೋಡಿ,” ಅಂದಳು. “ಆ ಮೂರನೇ ಹಾಡು ಇತ್ತಲ್ಲ, ಅಷ್ಟು ಚೆನ್ನಾಗಿ ನೀವು ಯಾವತ್ತೂ ಬಾರಿಸಿರಲಿಲ್ಲ.”

ಅವನು ಹೂಂ ಅಂದ.