ಮೊಣಕೈಯಲ್ಲಿ ನೀರು ನೋಡುವ ರೇವಮ್ಮ

ಇದು ನಡೆದದ್ದನ್ನು ನಡೆದ ಹಾಗೆಯೇ ಬರೆದ ಕಥೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಡಿಸ್ಕಸ್ ಮೀನು ಬಂದು ಬರೆದವನನ್ನು ಇಡಿಯಾಗಿ ನುಂಗಲಿ. ಡಿಸ್ಕಸ್ ಮೀನಿನ ಬಾಯಿ ತೊಗರಿಬೇಳೆಗಿಂತ ಒಸಿ ದೊಡ್ಡದಿರುತ್ತದೆ, ಅಷ್ಟೆ. ಆಣೆ ಇಡುವಾಗ ಇಂಥದ್ದನ್ನೆಲ್ಲ ನೋಡಿಕೊಂಡೇ ಇಡಬೇಕು.

ಬೆಳಗಿನ ಐದೂಮುಕ್ಕಾಲು. ಚನ್ನಪಟ್ಟಣದ ಹಳೆಯ ಹೆದ್ದಾರಿ ಬದಿಯ ಒಂದನೇ ಮಹಡಿಯಲ್ಲಿ ಡಾ. ನಿಖಾತ್ ಅವರ ಹಲ್ಲಿನ ಆಸ್ಪತ್ರೆ. ಅದರ ಬೀಗ ತೆಗೆದ ರೇವಮ್ಮ ದೀಪ ಹಾಕುವುದಿಲ್ಲ. ಕಿಟಕಿಯ ಪರದೆಯನ್ನು ಗೇಣುಗೇಣಾಗಿ ಸರಿಸುತ್ತಾರೆ. ಒಮ್ಮೆಲೇ ಬೆಳಕು ಬಿದ್ದರೆ ಡಿಸ್ಕಸ್ ಬೆದರಿ ಗಾಜಿಗೆ ಮುಖ ಚಚ್ಚಿಕೊಳ್ಳುತ್ತದೆ. ‘ನಾನೇ ಕಣ್ರಪ್ಪ, ಗಾಬರಿ ಆಗ್ಬ್ಯಾಡಿ’ ಎಂದು ಮೊದಲು ಹೇಳುತ್ತಾರೆ, ಆಮೇಲೆ ಹತ್ತಿರ ಹೋಗುತ್ತಾರೆ. ಐದಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಕಾಫಿ ತಟ್ಟೆಯಗಲದ ಆರು ಮೀನುಗಳು ಒಂದೇ ಕಡೆ ಮುಖ ಮಾಡಿ ನಿಂತಿವೆ. ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಗಂಭೀರವಾಗಿ.

ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೈಪಿನಲ್ಲಿ ತೊಟ್ಟಿಯ ತಳದ ಹೊಲಸು ಎಳೆದು, ಮೂರರಲ್ಲೊಂದು ಪಾಲು ನೀರು ಹೊರಗೆ ಹಾಕುತ್ತಾರೆ. ಹೊಸ ನೀರು ನಿನ್ನೆಯಿಂದಲೇ ಡ್ರಮ್ಮಿನಲ್ಲಿ ಕಾಯುತ್ತಿದೆ. ಕ್ಲೋರಿನ್ ಹೋಗಲೆಂದು ರಾತ್ರಿಯೆಲ್ಲ ಗಾಳಿ ಊದಿಸಿಕೊಂಡ ನೀರು. ರೇವಮ್ಮ ಅದಕ್ಕೆ ಬೆರಳು ಹಾಕುವುದಿಲ್ಲ. ರವಿಕೆಯ ತೋಳು ಮೇಲಕ್ಕೆ ಸರಿಸಿ ಮೊಣಕೈ ಅದ್ದುತ್ತಾರೆ. ಆಮೇಲೆ ಥರ್ಮಾಮೀಟರ್ ಇಳಿಬಿಡುತ್ತಾರೆ. ಇಪ್ಪತ್ತೊಂಬತ್ತು ಡಿಗ್ರಿ.

‘ಮೊಣಕೈ ಹೂಂ ಅನ್ಬೇಕು, ಕಡ್ಡಿನೂ ಹೂಂ ಅನ್ಬೇಕು. ಇಬ್ರೂ ಒಪ್ಪಿದ ಮ್ಯಾಲೆ ನೀರು ಉಯ್ಯೋದು. ನನ್ ಬೆರಳ್ನ ಮಾತ್ರ ಕೇಳಾಕಿಲ್ಲ. ಅವು ಸುಳ್ಳು ಹೇಳ್ತವೆ’ ಎನ್ನುತ್ತಾರೆ.

ಬೆರಳುಗಳ ಆ ಸುಳ್ಳಿನಲ್ಲೇ ರೇವಮ್ಮನವರ ಬದುಕಿನ ಕಥೆಯಿದೆ. ಈಗ ಐವತ್ತಾರರ ಪ್ರಾಯ. ಅದರಲ್ಲಿ ಇಪ್ಪತ್ತಾರು ವರ್ಷ ರೇಷ್ಮೆ ರೀಲಿಂಗ್ ಘಟಕದಲ್ಲಿ, ಹಬೆಯಾಡುವ ಬೇಸಿನ್ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹಿಡಿದು ಕಳೆದರು. ದಿನಕ್ಕೆ ಎಂಟು ಗಂಟೆ ಬಿಸಿನೀರಿನಲ್ಲಿ ಅದ್ದಿದ ಬೆರಳ ತುದಿಗಳು ಮೊದಲು ಬಿಳಿಚಿದವು, ಆಮೇಲೆ ಬಿರಿದವು, ಕೊನೆಗೆ ಮರಗಟ್ಟಿದವು. ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವುದನ್ನು ಕಂಡು ಗಂಡ ವೀರಭದ್ರಯ್ಯ ಇಕ್ಕಳವನ್ನೇ ಮಾರಿಬಿಡೋಣ ಎನ್ನುತ್ತಿದ್ದರಂತೆ. ಚರ್ಮ ಪೂರ್ತಿ ಕೈಕೊಟ್ಟ ಮೇಲೆ (ಕೈಯೇ ಚರ್ಮ ಕೊಟ್ಟಿತೋ, ಚರ್ಮವೇ ಕೈಕೊಟ್ಟಿತೋ) ರೀಲಿಂಗ್ ಬಿಟ್ಟು, ಆಗಷ್ಟೇ ಶುರುವಾಗಿದ್ದ ನಿಖಾತ್ ಅವರ ಆಸ್ಪತ್ರೆಗೆ ಕಸ ಗುಡಿಸಲು ಸೇರಿದರು.

ಆಸ್ಪತ್ರೆಯಲ್ಲಿ ಆಗಲೂ ತೊಟ್ಟಿಯಿತ್ತು, ಐದು ಮೀನಿದ್ದವು. ಆರು ವರ್ಷದ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ತೊಟ್ಟಿಯ ಹೀಟರ್ ಕೆಟ್ಟಿತು. ಡಾಕ್ಟರು ಮನೆಯಿಂದ ಫೋನ್ ಮಾಡಿ, ಒಸಿ ಬಿಸಿನೀರು ಬೆರೆಸಿ, ಉಗುರುಬೆಚ್ಚಗಾದರೆ ಸಾಕು ಎಂದರು. ರೇವಮ್ಮ ಬೆರೆಸಿದರು. ಬೆರಳು ಅದ್ದಿದರು. ಇನ್ನೂ ತಣ್ಣಗಿದೆ ಎನ್ನಿಸಿತು. ಇನ್ನೊಂದು ಬಕೆಟ್ ಹಾಕಿದರು. ಹಬೆಯಾಡುವ ಬೇಸಿನ್ನಿಗೆ ಒಗ್ಗಿದ ಬೆರಳಿಗೆ ಆಗ ಉಗುರುಬೆಚ್ಚಗೆ ಎನ್ನಿಸಿದ ನೀರಿನಲ್ಲಿ ಬೇರೆ ಯಾರೇ ಆದರೂ ಹಾಯಾಗಿ ತಲೆಗೆ ಸ್ನಾನ ಮಾಡಬಹುದಿತ್ತು. ಡಾಕ್ಟರು ಬರುವಷ್ಟರಲ್ಲಿ ಮೂರು ಮೀನು ಮಗ್ಗುಲಾಗಿದ್ದವು.

ಡಾಕ್ಟರು ಬಯ್ಯಲಿಲ್ಲ. ರೇವಮ್ಮನ ಕೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮಾರನೇ ದಿನ ಥರ್ಮಾಮೀಟರ್ ತಂದು ಅವರ ಕೈಗೇ ಕೊಟ್ಟರು. ‘ಬಯ್ದಿದ್ರೆ ಅವತ್ತೇ ಮರ್ತೋಗ್ತಿತ್ತು. ಬಯ್ನಿಲ್ಲ ನೋಡಿ, ಹಂಗೇ ಉಳ್ಕಬುಡ್ತು’ ಎನ್ನುತ್ತಾರೆ ರೇವಮ್ಮ.

ಅಂದಿನಿಂದ ಅವರು ಮೀನನ್ನು ನೋಡತೊಡಗಿದರು. ಯಾವುದು ಯಾರನ್ನು ಅಟ್ಟುತ್ತದೆ, ಯಾವುದು ಬೇಸರಕ್ಕೆ ಕಪ್ಪಾಗುತ್ತದೆ, ಯಾವುದರ ಹಿಕ್ಕೆ ಬೆಳ್ಳಗಿದೆ. ಡಾಕ್ಟರು ಓದಿ ಹೇಳುವರು, ಇವರು ನೋಡಿ ಹೇಳುವರು. ಡಿಸ್ಕಸ್ ಎಂದ ಮೇಲೆ ಚರ್ಚೆ ಇದ್ದದ್ದೇ. ದೊಡ್ಡ ಚರ್ಚೆಯಾದದ್ದು ಊಟದ ವಿಷಯಕ್ಕೆ. ಬೇರೆ ಕಡೆ ಇವಕ್ಕೆ ದನದ ಹೃದಯ ರುಬ್ಬಿ ಹಾಕುತ್ತಾರೆಂದು ಕೇಳಿದಾಗ, ಕೊರಳಲ್ಲಿ ಲಿಂಗ ಕಟ್ಟಿದ ರೇವಮ್ಮ ಎರಡು ಕಿವಿಯನ್ನೂ ಮುಚ್ಚಿಕೊಂಡರು. ಆಮೇಲೆ ಹಳೇ ರೀಲಿಂಗ್ ಘಟಕಕ್ಕೆ ಹೋಗಿ, ಎಳೆ ಬಿಚ್ಚಿದ ಮೇಲೆ ಉಳಿಯುವ ಹುಳುಗಳನ್ನು ಚೀಲದಲ್ಲಿ ತಂದರು. ಎಣ್ಣೆ ಹಿಂಡಿ, ಒಣಗಿಸಿ, ಪುಡಿ ಮಾಡಿ, ಬೇಯಿಸಿದ ಬಟಾಣಿ, ಪಾಲಕ್ ಸೊಪ್ಪಿನ ಜೊತೆ ಕಲಸಿ, ಮೆಣಸುಕಾಳಿನಷ್ಟು ಉಂಡೆ ಕಟ್ಟಿದರು. ಮೀನುಗಳು ಮುಗಿಬಿದ್ದವು. ಹುಳ ಮಾಂಸವಲ್ಲವೇ ಎಂದು ಕೇಳಿದರೆ ರೇವಮ್ಮನಿಗೆ ಅನುಮಾನವೇ ಇಲ್ಲ. ‘ಅದ್ಯಾವ ಮಾಂಸ? ಅದು ರೇಷ್ಮೆ ಕಣಪ್ಪ.’

ಈಗ ಚನ್ನಪಟ್ಟಣದಲ್ಲಿ ಮೂರು ಕಡೆ, ರಾಮನಗರದಲ್ಲಿ ಎರಡು ಕಡೆ ಸೇರಿ ಒಟ್ಟು ಏಳು ತೊಟ್ಟಿಗಳು ಅವರ ಸುಪರ್ದಿಯಲ್ಲಿವೆ. ಆಸ್ಪತ್ರೆಗೆ ದಿನಾ, ಉಳಿದ ಕಡೆ ದಿನ ಬಿಟ್ಟು ದಿನ. ಹದಿನೈದು ಲೀಟರಿನ ಬಕೆಟ್ಟಿನಲ್ಲಿ ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತೆರಡು ಬಕೆಟ್ ಹೊರುತ್ತಾರೆ. ರಾಮನಗರದ ಬಸ್ಸಿನಲ್ಲಿ ಪೈಪಿನ ಸುರುಳಿ ಹೆಗಲಿಗೆ ಹಾಕಿ ಹತ್ತಿದರೆ ಕಂಡಕ್ಟರು ‘ಎಲ್ಲಮ್ಮಾ ಬೋರ್‌ವೆಲ್ಲು?’ ಎಂದು ಕೇಳುತ್ತಾನೆ. ಕೈತುಂಬ ಇಷ್ಟೆಲ್ಲ ಕೆಲಸವಿದ್ದರೂ ಎಲ್ಲರ ಬಾಯಲ್ಲೂ ಅವರು ‘ನೀರು ಬದಲಾಯಿಸೋ ಅಮ್ಮ’. ಮೀನು ಆರಿಸುವುದು, ಕೊಳ್ಳುವುದು ಮಾತ್ರ ಯಜಮಾನರದೇ ಕೆಲಸ. ರೇವಮ್ಮನೂ ಅದನ್ನು ಕೇಳಲಿಲ್ಲ. ಮೂರು ಮೀನು ಬೇಯಿಸಿದವಳು ಯಾವ ಬಾಯಲ್ಲಿ ಕೇಳಲಿ ಎಂದು.

ಕಳೆದ ಆಷಾಢದಲ್ಲಿ ಡಾ. ನಿಖಾತ್ ತಾವಾಗಿಯೇ ಹೇಳಿದರು. ತೊಟ್ಟಿಯಲ್ಲಿ ಆಗ ಐದೇ ಇದ್ದವು, ದೊಡ್ಡವು ಸೇರಿ ಚಿಕ್ಕದೊಂದನ್ನು ಪೀಡಿಸುತ್ತಿದ್ದವು. ಇನ್ನೊಂದು ಬಂದರೆ ಪೀಡೆ ಹಂಚಿಹೋಗುತ್ತದೆ. ‘ಈ ಸಲ ನಾನು ಬರಲ್ಲ ರೇವಮ್ಮ. ನೀವೇ ಹೋಗಿ ಆರಿಸ್ಕೊಂಡು ಬನ್ನಿ.’

ಮೀನು ಕೊಳ್ಳುವಾಗ ಮೀನಮೇಷ ಎಣಿಸಬೇಕಾದದ್ದೇ. ರೇವಮ್ಮ ಬೆಂಗಳೂರಿನ ಅಂಗಡಿಯೊಂದರಲ್ಲಿ ಒಂದೇ ತೊಟ್ಟಿಯ ಮುಂದೆ ಮೂರು ಗಂಟೆ ನಿಂತರು. ಮೊದಲು ಕಣ್ಣು ನೋಡಿದರು. ಮೈಗಿಂತ ಕಣ್ಣು ದೊಡ್ಡದಾಗಿ ಕಂಡರೆ ಅದು ಹೊಟ್ಟೆಗಿಲ್ಲದೆ ಕುಳ್ಳಾದ ಮೀನು. ಎರಡು ಕಿವಿರೂ ಒಂದೇ ತಾಳಕ್ಕೆ ಆಡುತ್ತಿವೆಯೇ ನೋಡಿದರು. ಎದುರಿಗೇ ಆಹಾರ ಹಾಕಿಸಿ, ತಿಂದದ್ದನ್ನು ನೋಡಿ, ಮತ್ತೂ ಕಾಯುತ್ತ ನಿಂತಾಗ ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು.

‘ಆಂಟೀ, ಇದು ಫಿಶ್ಶು. ಹೆಣ್ಣು ನೋಡೋ ಶಾಸ್ತ್ರ ಅಲ್ಲ.’

‘ಹೆಣ್ಣು ನೋಡಾಕ್ ಹೋಗಿದ್ರೆ ಉಪ್ಪಿಟ್ಟಾದ್ರೂ ಕೊಡೋರು. ನೀನು ಒಂದ್ ಲೋಟ ನೀರೂ ಕೊಡ್ನಿಲ್ಲ. ಹಿಕ್ಕೆ ಹಾಕ್ಲಿ ತಡಿಯಪ್ಪ, ಬಣ್ಣ ನೋಡ್ಕಂಡು ತಕತೀನಿ.’

ಹಿಕ್ಕೆ ಕಪ್ಪಗಿತ್ತು, ಅಂದರೆ ಹೊಟ್ಟೆ ಚೆನ್ನಾಗಿತ್ತು. ಕುಂಕುಮದ ಬಣ್ಣದ ಆ ಮೀನನ್ನು ಆಕ್ಸಿಜನ್ ತುಂಬಿದ ಚೀಲದಲ್ಲಿ, ಥರ್ಮಕೋಲ್ ಪೆಟ್ಟಿಗೆಯಲ್ಲಿ, ಮೇಲೊಂದು ಶಾಲು ಹೊದಿಸಿ ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು.

ಹೊಸ ಮೀನನ್ನು ನೇರವಾಗಿ ಹಳಬರ ಜೊತೆ ಬಿಡುವಂತಿಲ್ಲ. ರೋಗವಿದ್ದರೆ ಎಲ್ಲಕ್ಕೂ ಅಂಟುತ್ತದೆ. ತಿಂಗಳು ಬೇರೆ ಇಡಬೇಕು. ರೇವಮ್ಮ ತಮ್ಮ ಮನೆಯಲ್ಲೇ ಒಂದು ಸಣ್ಣ ಗಾಜಿನ ತೊಟ್ಟಿ ಹೂಡಿ, ಒಳಗೊಂದು ಹೂವಿನ ಮಣ್ಣಿನ ಕುಂಡ ಮಲಗಿಸಿದರು. ಮೀನು ನೇರ ಕುಂಡದ ಹಿಂದೆ ಹೋಯಿತು. ಸಂಜೆಗೆ ಕುಂಕುಮ ಹೋಗಿ ಮಸಿಯಾಯಿತು. ಮಾರನೇ ದಿನ ತಿನ್ನಲಿಲ್ಲ. ಮೂರನೇ ದಿನ ತಿನ್ನಲಿಲ್ಲ. ನೀರು ಸರಿ, ಬಿಸಿ ಸರಿ, ಮೊಣಕೈ ಹೂಂ, ಕಡ್ಡಿ ಹೂಂ. ಡಿಸ್ಕಸ್ ಗುಂಪಿನಲ್ಲಿ ಬಾಳುವ ಪ್ರಾಣಿ, ಒಂಟಿಯಾದರೆ ಹೆದರುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಜೊತೆಗೆ ಹಳೆಯದೊಂದನ್ನು ಬಿಡೋಣವೆಂದರೆ ರೋಗದ ಭಯ.

ಒಂಬತ್ತು ದಿನ ಹೀಗೇ ಹೋಯಿತು. ಬೆನ್ನು ಚಾಕುವಿನ ಅಲಗಿನಂತೆ ಚೂಪಾಯಿತು. ರೇವಮ್ಮ ಕುಕ್ಕರುಗಾಲಲ್ಲಿ ಕೂತು ಗಾಜಿಗೆ ಮುಖ ಹಚ್ಚಿ ಬೇಡುತ್ತಿದ್ದರು. ‘ಮೂರು ನನ್ ಕೈಯ್ಯಾಗೆ ಹೋದ್ವು ಕಣಪ್ಪ. ನಾನೇ ನೋಡಿ ತಂದೋನು ನೀನೊಬ್ಬ. ನೀನಾದ್ರೂ ಉಳ್ಕ.’

ಈ ಮಾತು ಗೋಡೆಯಾಚೆ ಗಫಾರ್‌ಗೆ ಕೇಳಿಸುತ್ತಿತ್ತು. ಪಕ್ಕದ ಮನೆಯ ಮುಂಭಾಗದಲ್ಲೇ ಅವನ ಬೊಂಬೆ ಕಡೆಯುವ ಲೇತು. ಕೈ ಮರ ಕಡೆಯುತ್ತಿದ್ದರೆ ಬಾಯಿ ಊರಿನವರನ್ನೆಲ್ಲ ಅಣಕಿಸಿ ಕಡೆಯುತ್ತಿರುತ್ತದೆ. ಹಲ್ಲಿನ ಡಾಕ್ಟರ ‘ಬಾಯಿ ತೆಗೀರಿ, ಇನ್ನೊಂಚೂರು’ ಅವನ ಗಂಟಲಲ್ಲಿದೆ, ವೀರಭದ್ರಯ್ಯನವರ ಗೊರಕೆಯಿದೆ, ರೇವಮ್ಮ ಮೀನಿಗೆ ಬೇಡುವುದೂ ಆ ವಾರ ಸೇರಿಕೊಂಡಿತ್ತು.

ಹತ್ತನೇ ದಿನ ರೇವಮ್ಮ ಆಸ್ಪತ್ರೆಗೆ ಹೋದದ್ದೇ ತಡ, ಗಫಾರ್ ಹಾಲೆ ಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿದ. ತಟ್ಟೆಯ ಹಾಗೆ ಕಡೆದ. ಡಿಸ್ಕಸ್ ಮೀನನ್ನು ದೇವರು ಲೇತಿನವರಿಗೆಂದೇ ಮಾಡಿರಬೇಕು. ಕೆಂಪು ಅರಗು ಹಚ್ಚಿ ತಾಳೆಗರಿಯಲ್ಲಿ ಮೆರುಗು ಕೊಟ್ಟ. ಮಕ್ಕಳು ಬಾಯಿಗಿಟ್ಟರೂ ಏನೂ ಆಗದ ಬಣ್ಣ. ಹಳದಿ ಗೆರೆ ಎಳೆದು, ಕಣ್ಣು ಬರೆದು, ನೆಟ್ಟಗೆ ನಿಲ್ಲಲು ಹೊಟ್ಟೆಗೆ ಗುಂಡುಕಲ್ಲಿನ ತೂಕ ಕಟ್ಟಿದ. ವೀರಭದ್ರಯ್ಯ ಬಾಗಿಲು ತೆಗೆದುಕೊಟ್ಟರು.

ಹತ್ತು ಗಂಟೆಗೆ ರೇವಮ್ಮ ಬಂದರು. ಕನ್ನಡಕ ಚೀಲದಲ್ಲಿತ್ತು. ಹೊಸ್ತಿಲಿಂದಲೇ ತೊಟ್ಟಿಯ ನಟ್ಟನಡುವೆ ಕೆಂಪಗೆ ನಿಂತದ್ದು ಕಂಡಿತು. ಚಪ್ಪಲಿ ಒಂದು ಬೀದಿಯಲ್ಲಿ, ಒಂದು ಮನೆಯಲ್ಲಿ. ಡಾಕ್ಟರಿಗೆ ಫೋನ್.

‘ಬಂದ್ಬುಟ್ಟ ಕಣಮ್ಮಾ, ಈಚೆಗ್ ಬಂದ್ಬುಟ್ಟ. ಕುಂಕುಮ ಇದ್ದಂಗೌನೆ.’

ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿದರು. ರೇವಮ್ಮ ಎಲ್ಲರನ್ನೂ ದೂರದಲ್ಲೇ ನಿಲ್ಲಿಸಿ, ಪಿಸುಮಾತಿನಲ್ಲಿ ವಿವರಿಸುತ್ತ ಉಂಡೆ ಉದುರಿಸಿದರು. ಗಫಾರ್ ತೀರ ಕಾಳಜಿಯಿಂದ, ಮೀನು ರೆಕ್ಕೆಯನ್ನೇ ಆಡಿಸುತ್ತಿಲ್ಲವಲ್ಲ ಎಂದ.

‘ನೆಮ್ಮದಿಯಾಗೌನೆ ಕಣ್ಲಾ. ಒಂಚೂರೂ ಅಲ್ಲಾಡಾಕಿಲ್ಲ ನೋಡು. ನೀನೂ ಒಂದಿನ ಹಂಗ್ ನಿಂತ್ಕ ನೋಡಾನ.’

ಅಷ್ಟರಲ್ಲಿ ಗಾಳಿಯ ಗುಳ್ಳೆಗಳ ಹೊಡೆತಕ್ಕೆ ಮೀನು ಮೆಲ್ಲಗೆ ತಿರುಗಿತು. ಇನ್ನೊಂದು ಮಗ್ಗುಲು ಈಚೆ ಬಂತು. ಅದರಲ್ಲಿ ಕಣ್ಣೇ ಇರಲಿಲ್ಲ. ಅವಸರದಲ್ಲಿ ಗಫಾರ್ ಒಂದೇ ಕಡೆ ಬರೆದಿದ್ದ. ಮೀನು ಕೊಳ್ಳುವಾಗ ಮೊದಲು ಕಣ್ಣು ನೋಡುವ ರೇವಮ್ಮ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. ಲೇತಿನ ಉಂಗುರಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು.

ಯಾರೋ ಕಿಸಕ್ಕೆಂದರು. ಆದರೆ ರೇವಮ್ಮ ನೆಲದ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಿ ಗಫಾರ್ ಜನರನ್ನು ಸರಿಸಿ ಮುಂದೆ ಬಂದ. ‘ತಪ್ಪಾಯ್ತು ರೇವಕ್ಕ, ತೆಗೆದ್ಬುಡ್ತೀನಿ’ ಎಂದು ನೀರಿಗೆ ಕೈ ಇಳಿಸಲು ಹೋದ. ಅವರು ಗಪ್ಪನೆ ಅವನ ಮಣಿಕಟ್ಟು ಹಿಡಿದರು.

‘ಕೈ ಹಾಕ್ಬ್ಯಾಡ.’

ಕುಂಡದ ಹಿಂದಿನಿಂದ ಮಸಿ ಬಣ್ಣದ ಮೂತಿಯೊಂದು ಹೊರಗೆ ಬಂದಿತ್ತು. ಆಮೇಲೆ ಅರ್ಧ ಮೈ. ಆಮೇಲೆ ಪೂರ್ತಿ. ಹತ್ತು ದಿನದಿಂದ ಅವಿತಿದ್ದ ಮೀನು ಮರದ ಮೀನಿನ ಪಕ್ಕಕ್ಕೆ ಬಂದು, ಅದು ಮುಖ ಮಾಡಿದ ಕಡೆಗೇ ಮುಖ ಮಾಡಿ ನಿಂತಿತು. ಅದು ತಿರುಗಿದಷ್ಟೂ ತಿರುಗಿತು. ತಳಕ್ಕೆ ಬಿದ್ದ ಉಂಡೆಗೆ ಬಾಗಿ, ಫೂ ಎಂದು ನೀರು ಊದಿ, ಒಂದನ್ನು ಹೆಕ್ಕಿತು. ನಾಲ್ಕು ಮನೆಯ ಜನ ಕತ್ತು ಚಾಚಿ, ಮೀನು ಉಣ್ಣುವುದನ್ನು ನೋಡಿದರು. ರೇವಮ್ಮ ಬೆರಳು ಮಡಚುತ್ತ ಎಣಿಸಿದರು. ಏಳು ಉಂಡೆ.

ಡಾಕ್ಟರು ಆ ಹೊತ್ತಿಗೇ ತಿರುಗಿ ಫೋನ್ ಮಾಡಿದರು. ‘ಈಚೆಗ್ ಬಂದ ಅಂತ ಆಗ್ಲೇ ಹೇಳ್ದೆನಲ್ಲ, ಅದು ಮರದ್ ಮೀನು ಕಣಮ್ಮಾ’ ಎಂದರು ರೇವಮ್ಮ. ‘ಮರದ್ದಾ?’ ಎಂದರು ಡಾಕ್ಟರು. ‘ಮರದ್ದಲ್ದೆ ಇರೋದು ತಿಂತು.’

ಆಸ್ಪತ್ರೆಯ ಆರರಲ್ಲಿ ಎಡಗಡೆಯಿಂದ ಎರಡನೆಯದು ಅದೇ. ಈಗ ಮತ್ತೆ ಕುಂಕುಮದ ಬಣ್ಣ. ರಾಮನಗರದ ಸೀರೆ ಅಂಗಡಿಯವರು ಈ ಭಾನುವಾರ ಎರಡು ಮೀನು ಆರಿಸಿ ತರಲು ರೇವಮ್ಮನಿಗೆ ಹೇಳಿದ್ದಾರೆ. ಫೋನಿನಲ್ಲಿ ಅವರ ಹೆಸರನ್ನು ‘ಮೀನಿನ ರೇವಮ್ಮ’ ಎಂದು ಬರೆದುಕೊಂಡಿದ್ದಾರಂತೆ. ಅದನ್ನು ರೇವಮ್ಮ ಎರಡು ಸಲ ಹೇಳುತ್ತಾರೆ. ಬೆಂಗಳೂರಿಗೆ ಒಯ್ಯುವ ಚೀಲದಲ್ಲಿ ಥರ್ಮಾಮೀಟರ್, ಶಾಲು ಸಿದ್ಧವಾಗಿವೆ. ಮನೆಯ ಸಣ್ಣ ತೊಟ್ಟಿಯಲ್ಲಿ ಮರದ ಮೀನು ಆಗಲೇ ಅತಿಥಿಗಳಿಗಾಗಿ ಕಾದು ನಿಂತಿದೆ.

ಬಂದವರಿಗೆಲ್ಲ ಗಫಾರ್ ಆ ಬೆಳಗನ್ನು ಆಡಿ ತೋರಿಸುತ್ತಾನೆ. ಚಪ್ಪಲಿ ಹಾರುವುದು, ಫೋನು, ‘ಒಂಚೂರೂ ಅಲ್ಲಾಡಾಕಿಲ್ಲ’ ಎಂಬ ಪಿಸುಮಾತು, ಎಲ್ಲ ರೇವಮ್ಮನದೇ ದನಿಯಲ್ಲಿ. ವೀರಭದ್ರಯ್ಯ ಒಳಗಿನಿಂದ ನಗುತ್ತಾರೆ, ಬೀದಿಯಲ್ಲಿ ಹೋಗುವವರು ನಿಂತು ನಗುತ್ತಾರೆ. ಈ ಸಲ ಆಟ ಮುಗಿಸಿದ ಗಫಾರ್, ಆ ಕಡೆಯ ಕಣ್ಣನ್ನೂ ಬರೆದುಕೊಡುತ್ತೇನೆ, ಮೀನು ತೆಗೆದುಕೊಡಿ ಎಂದು ಕೇಳುತ್ತಾನೆ. ರೇವಮ್ಮ ಕೊಡುವುದಿಲ್ಲ.

‘ಬ್ಯಾಡ ಕಣ್ಲಾ. ಯಾವ್ದು ಮರದ್ದು ಅಂತ ಮೀನಿಗೆ ಗೊತ್ತಾಗ್ದಿದ್ರೆ ಹೋಗ್ಲಿ, ನಂಗಾದ್ರೂ ಗೊತ್ತಾಗ್ಬೇಕಲ್ಲ’ ಎಂದು ಹೇಳಿ, ಬೀದಿಯ ಅಷ್ಟೂ ನಗುವನ್ನು ಮುಚ್ಚುವಂತೆ, ಲೇತಿನ ಸದ್ದನ್ನೂ ಮುಚ್ಚುವಂತೆ, ತಾವೇ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.