ಎರಡೂ ಫೋನ್ ಕಲಿಸಿದ ಆಪಾ

ಆಪಾ ಫೋನ್ ಕೇಳುವಾಗ ಗದ್ದ ಮೇಲೆತ್ತಿ, ಕಿವಿಯ ಕೆಳಗೆ ದವಡೆಗೆ ಅದನ್ನು ಒತ್ತಿಕೊಳ್ಳುತ್ತಿದ್ದರು. ಆಗ ಕುತ್ತಿಗೆಯ ನರವೊಂದು ಹಗ್ಗದಂತೆ ಬಿಗಿದು ನಿಲ್ಲುತ್ತಿತ್ತು. ನನ್ನ ಎಡಗಣ್ಣಿನಲ್ಲಿ ಒಂದಿಷ್ಟು ಬೆಳಕು ಉಳಿದಿದ್ದಾಗ ನಾನು ಕಂಡ ಆಪಾ ಇಷ್ಟೇ. ಆಮೇಲೆ ಅವರು ನನಗೆ ಬರೀ ದನಿ.

ಗಿಣಿಗೇರಾದ ಕಾರ್ಖಾನೆಯಲ್ಲಿ ಲಾರಿಗಳ ತೂಕದ ಚೀಟಿ ಬರೆಯುವ ಕೆಲಸ ನನ್ನದು. ಮೂವತ್ತನಾಲ್ಕನೆಯ ವಯಸ್ಸಿಗೆ ಬಲಗಣ್ಣು ಪೂರ್ತಿ, ಎಡಗಣ್ಣು ಬಹುಪಾಲು ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಮನೆ ಹಿಡಿದು ಕೂತವನನ್ನು ಹೆಂಡತಿ ಕೈಹಿಡಿದು ಕೊಪ್ಪಳಕ್ಕೆ ಆಪಾರ ಹತ್ತಿರ ಕರೆತಂದಳು. ಆಪಾ ಎಂದರೆ ಅಕ್ಕ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದ ಆಪಾ ಸರಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ರವಿವಾರಕ್ಕೊಮ್ಮೆ ತಮ್ಮ ಮನೆಯ ಪಡಸಾಲೆಯಲ್ಲಿ ನಮ್ಮಂಥವರಿಗೆ ಫೋನ್ ಬಳಸಲು ಕಲಿಸುತ್ತಿದ್ದರು. ಪರದೆಯ ಮೇಲಿರುವುದನ್ನು ಫೋನೇ ಓದಿ ಹೇಳುತ್ತದೆ. ಬೆರಳಿನಿಂದ ಸವರಿ, ಕಿವಿಯಿಂದ ಕೇಳಿ ನಡೆಸಬೇಕು.

ಅವರ ಮುಂದೆ ಯಾವಾಗಲೂ ಎರಡು ಫೋನ್ ಇರುತ್ತಿದ್ದವು, ಒಂದು ಆ್ಯಂಡ್ರಾಯ್ಡ್, ಒಂದು ಐಫೋನ್.

"ಐಫೋನ್ ಶಿಸ್ತಿಂದು," ಎನ್ನುತ್ತಿದ್ದರು. "ಯಾರದ್ದು ಹಿಡಿದ್ರೂ ಸೆಟ್ಟಿಂಗ್ ಇದ್ದಲ್ಲೇ ಇರ್ತಾವ, ಹುಡುಕೂದು ಬ್ಯಾಡ. ಆ್ಯಂಡ್ರಾಯ್ಡ್‌ದಾಗ ಒಂದೊಂದು ಕಂಪನಿಯವರು ಒಂದೊಂದು ಕಡೆ ಇಟ್ಟಿರ್ತಾರ. ಆದ್ರ ಅಗ್ಗದಾಗ ಸಿಗತೈತಿ. ಕನ್ನಡಾನೂ ಅದು ಮೊದಲ ಕಲೀತು, ಐಫೋನ್ ತಡಾ ಮಾಡ್ತು."

"ಹಂಗಾದ್ರ ಯಾವುದು ಛಲೋರಿ ಆಪಾ?" ಎಂದೆ.

"ಹೊತ್ತಿಗೆ ಕೈಗೆ ಸಿಕ್ಕಿದ್ದು ಛಲೋ. ಎರಡೂ ಕಲಿ."

ಅವರ ಕಲಿಸುವ ರೀತಿ ಮಾತ್ರ ಭಯಂಕರವಾಗಿತ್ತು. ಸದ್ದಿಲ್ಲದೆ ಫೋನಿನ ಮಾತು ಬಂದ್ ಮಾಡಿ ನಮ್ಮ ಕೈಗೆ ಕೊಡುವರು. "ಹತ್ತು ಎಣಿಸ್ತೀನಿ. ಅಷ್ಟರಾಗ ಮಾತು ತರಸು." ಕಣ್ಣಿಲ್ಲದವನ ಕೈಯಲ್ಲಿ ಮೂಕ ಫೋನ್ ಇಟ್ಟು ಎಣಿಸತೊಡಗಿದರೆ ಎಂಥವನ ಅಂಗೈಯೂ ಬೆವರುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ವಾಲ್ಯೂಮಿನ ಎರಡೂ ಗುಂಡಿ ಒತ್ತಿ ಹಿಡಿಯಬೇಕು. ಐಫೋನಿನಲ್ಲಿ ಪಕ್ಕದ ಗುಂಡಿಯನ್ನು ಪಟಪಟನೆ ಮೂರು ಸಲ ಒತ್ತಬೇಕು. ಮೊದಲನೆಯದು ನನಗೆ ಬಂತು. ಎರಡನೆಯದರಲ್ಲಿ ಒಂದು ರವಿವಾರ ಮೂರು ಬಾರಿ ಸೋತೆ. ಆಪಾ ನಾಲ್ಕನೆಯ ಬಾರಿ "ಒಂದು, ಎರಡು" ಎಂದಾಗ ರೇಗಿಬಿಟ್ಟೆ.

"ನಾ ಜನ್ಮದಾಗ ಐಫೋನ್ ತಗೊಳ್ಳಾಂವ ಅಲ್ಲರಿ. ಯಾಕ ಹಿಂಸೆ ಕೊಡ್ತೀರಿ? ನಿಮಗ ಕರುಳು ಅನ್ನೂದು ಇಲ್ಲೇನ್ರಿ?"

ಆಪಾ ನಿಲ್ಲಿಸಲಿಲ್ಲ. "ಮೂರು, ನಾಕು," ಎಂದು ಹತ್ತರವರೆಗೂ ಎಣಿಸಿದರು.

ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಹೆಂಡತಿಯೇ ಎಳೆದೊಯ್ದಳು. ಆಪಾ ಹಳೆಯದನ್ನು ಎತ್ತದೆ, ಕಲಿಯುವಾಗ ನಿಜವಾಗಿ ಕರೆ ಹೋಗದಿರಲೆಂದು ಸ್ವಿಚ್ ಆಫ್ ಮಾಡಿದ ಐಫೋನನ್ನು ಕೈಗಿಟ್ಟರು. "ಲಾಕ್ ಇದ್ರೂ ಇದರಿಂದ ತುರ್ತು ಕರೆ ಹೋಗತೈತಿ. ಬಲಗಡೆ ಗುಂಡಿ, ಎಡಗಡೆ ವಾಲ್ಯೂಮ್ ಗುಂಡಿ, ಎರಡೂ ಕೂಡಿ ಹಿಡಿ. ಸೈರನ್ ಹಂಗ ಒದರತೈತಿ. ಅಂಜಿ ನಡುವ ಬಿಟ್ಟಿ ಅಂದ್ರ ಕೆಟ್ಟಿ. ಒದರೂದು ಮುಗಿದ ಮ್ಯಾಲೆ ಬಿಡು."

ಅದಾಗಿ ಎರಡು ತಿಂಗಳಿಗೆ ನಾವು ಬೇವೂರಿನಲ್ಲಿರುವ ಹೆಂಡತಿಯ ತವರಿಗೆ ಹೋಗಿದ್ದೆವು. ಹೊಲದಲ್ಲೇ ಕಟ್ಟಿಸಿದ ಒಂಟಿ ಮನೆ. ಮಾವನ ಕೀಪ್ಯಾಡ್ ಫೋನನ್ನೂ ತೆಗೆದುಕೊಂಡು ಹೆಂಡತಿ, ಅತ್ತೆ ಇಬ್ಬರೂ ಮದುವೆಗೆಂದು ಕುಷ್ಟಗಿಗೆ ಹೋಗಿದ್ದರು. ಹೆಂಡತಿಯ ತಮ್ಮ ಹೊಲದ ಆ ತುದಿಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮನೆಯಲ್ಲಿ ನಾನು, ಮಾವ ಇಬ್ಬರೇ. ಮಟಮಟ ಮಧ್ಯಾಹ್ನ. ನೀರಿನ ತಂಬಿಗೆ ನೆಲಕ್ಕೆ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಮಾವ ಬಿದ್ದ ಸದ್ದು.

"ಮಾವಾ!" ಎಂದು ತಡವಿದೆ. ಎದೆಯ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಮೈ ತಣ್ಣಗೆ ಬೆವೆತಿತ್ತು. "ಎದಿ..." ಎಂದರು, ಮುಂದೆ ಮಾತಿಲ್ಲ. ಬಾಗಿಲಿಗೆ ಹೋಗಿ ಕೂಗಿದೆ. ಟ್ರ್ಯಾಕ್ಟರ್ ಸದ್ದಿನಲ್ಲಿ ಅವನಿಗೆ ಏನು ಕೇಳಬೇಕು? ಬೆಳಿಗ್ಗೆಯಿಂದ ಕರೆಂಟಿಲ್ಲದೆ ನನ್ನ ಫೋನ್ ಸತ್ತಿತ್ತು.

ಧೂಳು ಕೂರುತ್ತದೆಂದು ಹೆಂಡತಿಯ ತಮ್ಮ ತನ್ನ ಐಫೋನನ್ನು ಗೋಡೆಯ ಮಾಡದಲ್ಲಿ ಇಟ್ಟು ಹೋಗುತ್ತಿದ್ದ. ಗೋಡೆ ಸವರುತ್ತ ಹೋದೆ. ಬಾಚಣಿಗೆ, ಎಣ್ಣೆ ಬಾಟಲಿ, ಆಮೇಲೆ ನುಣ್ಣನೆಯ ಗಾಜು. ಬಲಕ್ಕೊಂದು ಗುಂಡಿ, ಎಡಕ್ಕೆ ವಾಲ್ಯೂಮು. ಹಿಡಿದೆ. ಫೋನ್ ನಡುಗಿತು, ಬೇರೇನೂ ಆಗಲಿಲ್ಲ. ಹಿಂದೆ ಮಾವನ ಉಸಿರು ಗೊರಗೊರ ಎನ್ನುತ್ತಿತ್ತು. ಬಿಟ್ಟು ಮತ್ತೆ ಒತ್ತಲೇ ಎಂದು ಬೆರಳು ಸಡಿಲವಾಗುವ ಹೊತ್ತಿಗೆ ಅದು ಚೀರತೊಡಗಿತು. ಎದೆ ಒಡೆಯುವಂಥ ಚೀರಾಟ. ಬಿಡಲಿಲ್ಲ. ಚೀರಾಟ ನಿಂತಿತು. ಬೆರಳು ಬಿಟ್ಟು ಕಿವಿಗೆ ಹಿಡಿದೆ.

"ಹೇಳ್ರಿ, ಏನಾಗೈತಿ?" ಎಂದಿತು ಹೆಣ್ಣುಮಗಳೊಬ್ಬಳ ದನಿ.

ಆ್ಯಂಬುಲೆನ್ಸ್ ಬರುವವರೆಗೂ ಒಂದು ಕೈಯಲ್ಲಿ ಮಾವನ ಮಣಿಕಟ್ಟು, ಇನ್ನೊಂದರಲ್ಲಿ ಫೋನ್ ಹಿಡಿದು ಕೂತಿದ್ದೆ. ನಾಡಿ ಒಮ್ಮೆ ಸಿಗುತ್ತಿತ್ತು, ಒಮ್ಮೆ ತಪ್ಪುತ್ತಿತ್ತು. ಮೊದಲು ಯಲಬುರ್ಗಾ, ಅಲ್ಲಿಂದ ಕೊಪ್ಪಳ. ಮಾವ ಉಳಿದರು.

ಮುಂದಿನ ರವಿವಾರ ಆಪಾಗೆ ಎಲ್ಲ ಹೇಳಿದೆ. ಶಭಾಸ್ ಎನ್ನುತ್ತಾರೆಂದು ಕಾದೆ.

"ಕರೆ ಹೋಗಾಕ ಎಷ್ಟು ಹೊತ್ತಾತು?" ಎಂದು ಕೇಳಿದರು.

"ಫೋನ್ ಹುಡುಕೂದು ಹಿಡಿದು ಎರಡು ಮಿನಿಟ್ ಆಗಿರಬೇಕ್ರಿ."

ಮುಂದಿದ್ದ ಎರಡೂ ಫೋನುಗಳನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ನಮ್ಮ ಅಬ್ಬಾ, ನಮ್ಮಪ್ಪ, ಹಿಂಗ ಬಿದ್ದಾಗ ನನ್ನ ಕೈಯಾಗೂ ಫೋನ್ ಇತ್ತು ತಮ್ಮಾ. ಮಾತು ಬಂದ್ ಆಗಿತ್ತು. ತರಸೂದು ನನಗ ಗೊತ್ತಿರಲಿಲ್ಲ. ಅರ್ಧ ತಾಸು ಒದ್ದಾಡಿದೆ. ಅಷ್ಟರಾಗ ಜೀವಾ ಹೋಗಿತ್ತು." ಮರುಕ್ಷಣವೇ ಪಕ್ಕದವನ ಕಡೆ ತಿರುಗಿ, "ನೀ ಹಿಡಿ. ಒಂದು, ಎರಡು..." ಎಂದರು.

ನಾನು ಅವರಿಗೆ ಕರುಳಿಲ್ಲ ಅಂದಿದ್ದೆ. ತಪ್ಪಾಯಿತು ಎಂದು ಹೇಳಲು ಅಂದೂ ಬಾಯಿ ಬರಲಿಲ್ಲ, ಆಮೇಲೂ ಬರಲಿಲ್ಲ.

ಎರಡು ವರ್ಷಕ್ಕೆ ಆಪಾ ಕಿಡ್ನಿ ರೋಗದಿಂದ ತೀರಿಕೊಂಡರು. ಗಂಗಾವತಿ, ಕುಷ್ಟಗಿಯಿಂದೆಲ್ಲ ಅವರ ವಿದ್ಯಾರ್ಥಿಗಳು ಒಬ್ಬರ ಹೆಗಲು ಒಬ್ಬರು ಹಿಡಿದು ಬಂದಿದ್ದರು. ಆಪಾರ ತಾಯಿ ನಮ್ಮ ನಡುವೆ ಬಂದು, "ಬೇವೂರಿನ ಅಳಿಯ ಯಾರಪಾ ನಿಮ್ಮಾಗ?" ಎಂದು ಕೇಳಿದರು. ಕೈ ಮುಂದೆ ಚಾಚಿದೆ. ಹಿಡಿದುಕೊಂಡರು.

"ನಿಮ್ಮ ಮಾವನ ಸುದ್ದಿ ನೀ ಹೇಳಿ ಹೋದ್ಯಲ್ಲ, ಆವತ್ತು ಆಕಿ ನನ್ನ ಕರದು ಬಾಜೂಕ ಕುಂದ್ರಿಸ್ಕೊಂಡು ಉಂಡ್ಳು ಬೇಟಾ. ಆಕಿ ಅಬ್ಬಾ ಹೋದ ಮ್ಯಾಲೆ, ತನ್ನಿಂದಲೇ ಹೋದ್ರು ಅಂತ, ನನ್ನ ಜೋಡಿ ಕುಂತು ಉಂಡೇ ಇರಲಿಲ್ಲ."